ಕೈ ಕಪ್ಪಾದರೆ ಅದು ಗರುಗ

ಹೋದ ಮಳೆಗಾಲದಲ್ಲಿ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಕೆಳಗೆ ಹೀಗೆ ಬರೆದಿತ್ತು: ‘ಇದೇ ಭೃಂಗರಾಜ. ಕೂದಲಿಗೆ, ಚರ್ಮಕ್ಕೆ, ಲಿವರ್‌ಗೆ ರಾಮಬಾಣ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ರಸ ಕುಡಿಯಿರಿ.’ ಗುಂಪಿನವರೆಲ್ಲ ಕೈಮುಗಿಯುವ ಚಿಹ್ನೆ ಹಾಕಿದ್ದೇ ಹಾಕಿದ್ದು.

ಆದರೆ ಫೋಟೊದಲ್ಲಿದ್ದ ಗಿಡ ಭೃಂಗರಾಜ ಆಗಿರಲಿಲ್ಲ. ಗೇಣುದ್ದದ ಬೋಳು ಕಡ್ಡಿ, ಅದರ ತುದಿಗೆ ಒಂಟಿ ಹೂ, ಹೂವಿನ ನಡುವೆ ಹಳದಿ, ಸುತ್ತ ನಾಲ್ಕೈದು ಕೆನೆಬಣ್ಣದ ಎಸಳು. ರಸ್ತೆ ಬದಿಯಲ್ಲಿ ಎಲ್ಲೆಂದರಲ್ಲಿ ಇರುತ್ತದೆ. ಚಿಕ್ಕವರಿದ್ದಾಗ ಮೊಣಕಾಲು ತರಚಿದರೆ ಅದರ ಎಲೆಯನ್ನೇ ಹಿಂಡಿಕೊಳ್ಳುತ್ತಿದ್ದೆವು. ಒಂದೊಂದು ಊರಿನಲ್ಲಿ ಅದಕ್ಕೆ ಒಂದೊಂದು ಹೆಸರಿದೆ. ಸಸ್ಯಶಾಸ್ತ್ರದವರು ಟ್ರೈಡ್ಯಾಕ್ಸ್ ಎನ್ನುತ್ತಾರೆ.

ಅಜ್ಜಿಗೆ ಫೋಟೊ ತೋರಿಸಿದೆ. ಫೋನಿನಲ್ಲಿ ಅವರಿಗೆ ಅಷ್ಟು ಸರಿಯಾಗಿ ಕಾಣುವುದಿಲ್ಲ. ‘ಹಿಸುಕಿ ನೋಡಿದ್ರಾ? ಕೈ ಕಪ್ಪಾಯ್ತಾ?’ ಎಂದಷ್ಟೇ ಕೇಳಿದರು.

ಆ ಪ್ರಶ್ನೆ ಎಷ್ಟು ಹಳೆಯದು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗಿಡದ ಗುರುತು. ಗರುಗ ನೀರಿನ ಪಸೆ ಇರುವ ಕಡೆ ಬೆಳೆಯುವ ಗಿಡ. ಗದ್ದೆ ಬದು, ಕಾಲುವೆ ಅಂಚು, ಕೆರೆ ಹಿಂದಿನ ಕೆಸರು, ಬೋರ್‌ವೆಲ್ ನೀರು ಸೋರುವ ಜಾಗ. ಕೆಂಪು ಛಾಯೆಯ ಕಾಂಡ, ಎದುರು ಬದುರಾಗಿ ತೊಟ್ಟಿಲ್ಲದಂತೆ ಅಂಟಿಕೊಂಡ ಉದ್ದ ಎಲೆ, ಮುಟ್ಟಿದರೆ ಸ್ವಲ್ಪ ಒರಟು. ಹೂ ಬಿಳಿ, ಅಂಗಿಯ ಗುಂಡಿಗಿಂತ ಚಿಕ್ಕದು, ಎಲೆಯ ಕಂಕುಳಲ್ಲಿ ಬಿಡುತ್ತದೆ. ಎಲೆ ಇಲ್ಲವೇ ಕಾಂಡವನ್ನು ಹಿಸುಕಿದರೆ ರಸ ಮೊದಲು ಹಸಿರಾಗಿರುತ್ತದೆ. ಗಾಳಿ ತಗುಲಿದಂತೆ ಕಪ್ಪಾಗುತ್ತದೆ. ಆ ಕಪ್ಪು ಬೆರಳಿನಿಂದ ಬೇಗ ಹೋಗುವುದಿಲ್ಲ. ಟ್ರೈಡ್ಯಾಕ್ಸನ್ನು ಎಷ್ಟು ಹಿಸುಕಿದರೂ ಹೀಗೆ ಕಪ್ಪಾಗದು.

ಗರುಗ, ಗರಗದ ಸೊಪ್ಪು, ಗರುಗಲು, ಕಾಡಿಗ್ಗರುಗ ಎಂದೆಲ್ಲ ಕನ್ನಡದಲ್ಲಿ ಇದನ್ನು ಕರೆಯುತ್ತಾರೆ. ಮರಾಠಿಯವರಿಗೆ ಮಾಕಾ, ತೆಲುಗರಿಗೆ ಗುಂಟಗಲಗರ, ತಮಿಳರಿಗೆ ಕರಿಸಲಾಂಕಣ್ಣಿ, ಮಲಯಾಳದವರಿಗೆ ಕಯ್ಯೋನ್ನಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗರುಗ ಎಂದು ಹುಡುಕಿದರೆ ಮಾತ್ರ ಒಂದು ದೊಡ್ಡ ಮರ ಬಂದು ನಿಲ್ಲುತ್ತದೆ, ಗಾಬರಿ ಬೀಳಬೇಡಿ. ಕಂಪನಿ ಸರ್ಕಾರದ ಕಾಲದಲ್ಲಿ ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ತೆಲುಗಿನ ಹೆಸರನ್ನೇ ಎತ್ತಿಕೊಂಡು ಆ ಮರದ ಕುಲಕ್ಕೆ ಗರುಗ ಎಂದು ಹೆಸರಿಟ್ಟ. ನಮ್ಮ ಬದುವಿನ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಹೆಸರುಗಳಲ್ಲಿ ನನಗೆ ಹಿಡಿಸಿದ್ದು ಕಾಡಿಗ್ಗರುಗ. ಕಾಡಿಗೆಯ ಗರುಗ. ತೆಳು ಹತ್ತಿ ಬಟ್ಟೆಯನ್ನು ಇದರ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ಆ ಬಟ್ಟೆಯನ್ನು ಬತ್ತಿ ಮಾಡಿ ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿದರೆ ಬೆಳಗಾಗುವ ಹೊತ್ತಿಗೆ ಮಸಿ ಕೂತಿರುತ್ತದೆ. ಅದನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿದರೆ ಕಾಡಿಗೆ. ನಮ್ಮ ಮನೆಯಲ್ಲಿ ಅಮ್ಮನ ಬಾಣಂತನದವರೆಗೂ ಇದು ನಡೆದಿತ್ತು. ಈಗ ಆಶಾ ಕಾರ್ಯಕರ್ತೆಯರು ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಎನ್ನುತ್ತಾರೆ. ಅದು ಸರಿಯೇ. ಮಗುವಿನ ಕಣ್ಣಿಗೆ ಸೋಂಕು ತಗುಲಿಸಲು ಒಂದು ಬೆರಳು ಸಾಕು.

ಹಚ್ಚೆಗೂ ಇದೇ ಕಪ್ಪು ಬಳಕೆಯಾಗಿದೆ. ಸೂಜಿಯಿಂದ ಚುಚ್ಚಿದ ಜಾಗಕ್ಕೆ ಇದರ ಹಸಿ ಎಲೆ ಉಜ್ಜಿದರೆ ನೀಲಿಗಪ್ಪು ಗುರುತು ಉಳಿಯುತ್ತದೆ ಎಂದು ಬ್ರಿಟಿಷರ ಕಾಲದ ಸಸ್ಯಗ್ರಂಥಗಳು ದಾಖಲಿಸಿವೆ. ಅಂದರೆ ಓದು ಬರಹ ಬಾರದ ಜನಕ್ಕೂ ಈ ಗಿಡದ ಮೊದಲ ಗುಣ ಕಣ್ಣೆದುರೇ ಇತ್ತು. ಕಪ್ಪು ಮಾಡುತ್ತದೆ, ಮಾಡಿದ ಕಪ್ಪು ಹೋಗುವುದಿಲ್ಲ.

ಸಂಸ್ಕೃತದ ವೈದ್ಯ ಗ್ರಂಥಗಳೂ ಇಲ್ಲಿಂದಲೇ ಹೊರಟಂತೆ ಕಾಣುತ್ತದೆ. ಭೃಂಗ ಎಂದರೆ ದುಂಬಿ. ಕೂದಲನ್ನು ದುಂಬಿಯಂತೆ ಕಪ್ಪಾಗಿಸುವುದು ಭೃಂಗರಾಜ. ಇದರ ಇನ್ನೊಂದು ಹಳೆಯ ಹೆಸರು ಮಾರ್ಕವ. ಚರಕಸಂಹಿತೆಯಲ್ಲಿ ನರೆಗೂದಲಿಗೆ ಹೇಳಿದ ಮಹಾನೀಲ ತೈಲದಲ್ಲಿ ಮಾರ್ಕವ ಇದೆ. ಜೊತೆಗೆ ಕಾಕಮಾಚಿ, ಅಂದರೆ ನಮ್ಮ ಗಣಿಕೆ ಸೊಪ್ಪು, ಜ್ಯೇಷ್ಠಮಧು, ದೇವದಾರು, ಇನ್ನೂ ಹಲವು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಬಿಸಿಲಿಗಿಟ್ಟು ಸಿದ್ಧಮಾಡುವ ಕ್ರಮವನ್ನೂ ಹೇಳಿದ್ದಾರೆ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದವರಿಗೆ ಇದರ ಗುಟ್ಟು ಗೊತ್ತಿರುತ್ತದೆ. ಒಗರಿನ ವಸ್ತು ಕಬ್ಬಿಣ ಮುಟ್ಟಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನೂ ಹೀಗೆ ಮಾಡುತ್ತಿದ್ದರು. ಹಾಗಾಗಿ ಹಳೆಯ ಕೇಶತೈಲಗಳಲ್ಲಿ ಔಷಧ ಎಷ್ಟು, ಬಣ್ಣ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಅವರು ಬೇರ್ಪಡಿಸಲೂ ಇಲ್ಲ.

ವಾಗ್ಭಟನ ಅಷ್ಟಾಂಗಹೃದಯ ಇನ್ನೂ ಮುಂದೆ ಹೋಗುತ್ತದೆ. ಹಾಲನ್ನೇ ಆಹಾರ ಮಾಡಿಕೊಂಡು ಒಂದು ತಿಂಗಳು ದಿನವೂ ಭೃಂಗರಾಜದ ರಸ ಕುಡಿದವರು ಬಲವಂತರಾಗಿ ನೂರು ವರ್ಷ ಬಾಳುತ್ತಾರೆ ಎನ್ನುತ್ತದೆ ಅದರ ರಸಾಯನ ಅಧ್ಯಾಯ. ವಾಟ್ಸಾಪಿನ ‘ಖಾಲಿ ಹೊಟ್ಟೆಗೆ ಅರ್ಧ ಲೋಟ’ ಬಂದದ್ದು ಇಂಥ ಮಾತಿನಿಂದಲೇ ಇರಬೇಕು. ಹಾಲಿನ ಪಥ್ಯ ಮಾತ್ರ ದಾರಿಯಲ್ಲಿ ಬಿದ್ದುಹೋಗಿದೆ. 16ನೇ ಶತಮಾನದ ಭಾವಪ್ರಕಾಶಕ್ಕೆ ಬರುವಷ್ಟರಲ್ಲಿ ಪಟ್ಟಿ ಪೂರ್ತಿಯಾಗಿತ್ತು. ಕೂದಲು, ಚರ್ಮ, ಹಲ್ಲು, ಕೆಮ್ಮು, ಉಬ್ಬಸ, ಹುಳ, ಊತ, ಕಣ್ಣು, ತಲೆನೋವು, ಜೊತೆಗೆ ಪಾಂಡು. ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುವುದನ್ನು ಪಾಂಡು ಎನ್ನುತ್ತಿದ್ದರು. ಕಾಮಾಲೆಯನ್ನು ಅದರ ಮುಂದಿನ ಹಂತದಂತೆ ನೋಡುತ್ತಿದ್ದರು. ಗರುಗ ಲಿವರ್‌ನ ಔಷಧಿಯಾದದ್ದು ಈ ಬಾಗಿಲಿನಿಂದ.

ಇಷ್ಟು ಹಳೆಯ ಗಿಡ ಎಂದಮೇಲೆ ನಮ್ಮ ನೆಲದ್ದೇ ಇರಬೇಕಲ್ಲ? ಇಲ್ಲೊಂದು ತೊಡಕಿದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪಟ್ಟಿ ತೆಗೆದು ನೋಡಿದರೆ ಗರುಗದ ಮೂಲನೆಲೆ ಅಮೆರಿಕ ಖಂಡ ಎಂದಿದೆ. ಏಷ್ಯಾಕ್ಕೆ ಆಮೇಲೆ ಬಂದದ್ದಂತೆ. ಮೆಣಸಿನಕಾಯಿ, ಆಲೂಗಡ್ಡೆ, ಶೇಂಗಾ ಅಲ್ಲಿಂದ ಬಂದದ್ದು ನಮಗೆ ಗೊತ್ತು. ಅವೆಲ್ಲ ಬಂದದ್ದು ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ನಂತರ. ಚರಕನೂ ವಾಗ್ಭಟನೂ ಅದಕ್ಕಿಂತ ಎಷ್ಟೋ ಶತಮಾನ ಹಿಂದಿನವರು.

ಹಾಗಾದರೆ ಹಳೆಯ ಗ್ರಂಥಗಳ ಭೃಂಗರಾಜ ಬೇರೆ ಗಿಡವೇ ಎಂಬ ಅನುಮಾನ ಏಳುತ್ತದೆ. ಅನುಮಾನಕ್ಕೆ ಕಾರಣವೂ ಇದೆ. ರಾಜನಿಘಂಟು ಎಂಬ ಔಷಧಕೋಶ ಬಿಳಿ, ಹಳದಿ, ನೀಲಿ ಎಂದು ಮೂರು ಭೃಂಗರಾಜಗಳನ್ನು ಹೇಳುತ್ತದೆ. ಹಳದಿ ಹೂವಿನ ಗಿಡ ಈಗಲೂ ಇದೆ. ಅದು ಏಷ್ಯಾದ್ದೇ. ಬಂಗಾಳದ ಕವಿರಾಜರು ಅದನ್ನೇ ಭೃಂಗರಾಜ ಎಂದು ಬಳಸುವುದುಂಟು. ತಮಿಳುನಾಡಿನಲ್ಲಿ ಅಡಿಗೆಗೆ ಹಳದಿಯದೇ ಮೇಲು ಎನ್ನುವವರಿದ್ದಾರೆ. ವಡಲೂರಿನ ರಾಮಲಿಂಗ ಸ್ವಾಮಿಗಳು ಕರಿಸಲಾಂಕಣ್ಣಿಯನ್ನು ದಿನವೂ ತಿನ್ನಬೇಕಾದ ಸೊಪ್ಪು ಎಂದು ಹೇಳಿದ ಮೇಲೆ ಅವರ ಭಕ್ತರ ಮನೆಗಳಲ್ಲಿ ಅದು ಊಟದ ಭಾಗವೇ ಆಯಿತು.

ತೊಡಕು ಬಿಡಿಸಲು ನನಗೆ ಸಹಾಯವಾದದ್ದು ಚೀನಾದ ಗ್ರಂಥ. ಕ್ರಿ.ಶ. 659ರಲ್ಲಿ ಅಲ್ಲಿನ ತಾಂಗ್ ದೊರೆಗಳ ಆಸ್ಥಾನ ಒಂದು ಔಷಧಕೋಶ ಮಾಡಿಸಿತು. ಅದರಲ್ಲಿ ಈ ಗಿಡ ಇದೆ. 1061ರಲ್ಲಿ ಸು ಸೋಂಗ್ ಎಂಬ ವಿದ್ವಾಂಸ ಚಿತ್ರಸಹಿತ ಇನ್ನೊಂದು ಗ್ರಂಥ ಸಿದ್ಧಪಡಿಸಿದ. ಅದರಲ್ಲಿ ಎರಡು ಬಗೆ ಎಂದು ಬಿಡಿಸಿ ಹೇಳಿದ್ದಾನೆ. ಒಂದರದ್ದು ಸಣ್ಣ ಬಿಳಿ ಹೂ, ಕಾಯಿ ಪುಟಾಣಿ ತಾವರೆ ಕಾಯಿಯಂತೆ. ಇನ್ನೊಂದು ಹಳದಿ. ಎರಡನ್ನೂ ಕಿತ್ತರೆ ರಸ ಬಂದು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ ಎಂದೂ ಬರೆದಿದ್ದಾನೆ. ಅಜ್ಜಿಯ ಪರೀಕ್ಷೆಯೇ ಅದು! ಚೀನೀ ಭಾಷೆಯಲ್ಲಿ ಈಗಲೂ ಇದರ ಹೆಸರು ಮೋ ಹಾನ್ ಲಿಯಾನ್. ಮೋ ಎಂದರೆ ಶಾಯಿ. ಶಾಯಿಯ ಒಣನೆಲದ ತಾವರೆ ಎಂದು ಅರ್ಥ ಮಾಡಬಹುದು. ಗರುಗದ ಒಣಗಿದ ಹೂವನ್ನು ಹತ್ತಿರದಿಂದ ನೋಡಿ, ಚಪ್ಪಟೆ ತಲೆಯಲ್ಲಿ ಬೀಜ ಒತ್ತೊತ್ತಾಗಿ ಕೂತಿರುವುದು ತಾವರೆಯ ಬೀಜಕೋಶದ ಹಾಗೇ ಇರುತ್ತದೆ. ಅಲ್ಲಿಯೂ ಇದು ಕೂದಲು, ಗಡ್ಡ ಕಪ್ಪಾಗಿಸುವ ಔಷಧಿ.

ಬಿಳಿ ಹೂ, ತಾವರೆ ಕಾಯಿ, ಕಪ್ಪು ರಸ. ಕೊಲಂಬಸ್‌ಗಿಂತ 400 ವರ್ಷಕ್ಕೂ ಹಿಂದೆ ಏಷ್ಯಾದಲ್ಲಿ ಈ ಮೂರೂ ಗುಣ ಒಂದೇ ಗಿಡದಲ್ಲಿ ಇದ್ದವು. ಹಾಗಾಗಿ ಗರುಗ ಮೂಲದಲ್ಲಿ ಎಲ್ಲಿಯದೇ ಆಗಿರಲಿ, ಹಡಗುಗಳು ಬರುವ ಮೊದಲೇ ಇಲ್ಲಿಗೆ ಬಂದಿತ್ತು ಎಂದೇ ನಾನು ನಂಬುತ್ತೇನೆ. ಕೆಸರಿನಲ್ಲಿ ಬೆಳೆಯುವ ಗಿಡದ ಸಣ್ಣ ಬೀಜ ನೀರಿನಲ್ಲಿ ಹೋಗಬಹುದು, ಹಕ್ಕಿಯ ಕಾಲಿಗಂಟಿದ ಮಣ್ಣಿನಲ್ಲಿ ಹೋಗಬಹುದು. ವಾಟ್ಸಾಪಿನ ಆ ಟ್ರೈಡ್ಯಾಕ್ಸ್ ಮಾತ್ರ ನಿಜವಾಗಿಯೂ ಆಮೇಲೆ ಬಂದದ್ದು, ಮೆಕ್ಸಿಕೋ ಕಡೆಯದು. ಬಂದದ್ದಷ್ಟೇ ಅಲ್ಲ, ಹಳಬನ ಹೆಸರನ್ನೂ ಎತ್ತಿಕೊಂಡು ಓಡಾಡುತ್ತಿದೆ.

ಯುರೋಪಿನವರ ಪುಸ್ತಕಕ್ಕೆ ಗರುಗ ಹತ್ತಿದ್ದು ಕೊಚ್ಚಿಯಲ್ಲಿ. ಡಚ್ಚರ ಗವರ್ನರ್ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಹಾರ್ಟಸ್ ಮಲಬಾರಿಕಸ್‌ನಲ್ಲಿ ಕಯ್ಯೋನ್ನಿ ಇದೆ. ಆ ಗ್ರಂಥಕ್ಕೆ ಗಿಡಗಳ ತಿಳಿವಳಿಕೆ ಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಸ್ವೀಡನ್ನಿನ ಲಿನಿಯಸ್ 1771ರಲ್ಲಿ ಗರುಗದ ಕುಲಕ್ಕೆ ಎಕ್ಲಿಪ್ಟಾ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ‘ಕೊರತೆ ಇರುವುದು’ ಎಂದರ್ಥ. ಯಾವುದರ ಕೊರತೆ? ಈ ಜಾತಿಯ ಎಷ್ಟೋ ಗಿಡಗಳ ಬೀಜಕ್ಕೆ ಗಾಳಿಯಲ್ಲಿ ಹಾರಲು ಕೂದಲಿನ ಕುಚ್ಚು ಇರುತ್ತದೆ, ಟ್ರೈಡ್ಯಾಕ್ಸ್‌ಗೂ ಇದೆ. ಗರುಗದ ಬೀಜಕ್ಕೆ ಅದಿಲ್ಲ. ನಾವು ಕೇಶರಾಜ ಎಂದು ಕರೆದದ್ದನ್ನು ಅವರು ಬೋಳು ಎಂದು ಕರೆದರು. ಈ ತಮಾಷೆ ಗುರುತಿಗೂ ಬರುತ್ತದೆ: ಊದಿದಾಗ ಬೀಜ ಹಾರಿಹೋದರೆ ಅದು ಗರುಗವಲ್ಲ.

ಇಲ್ಲಿಯವರೆಗೆ ಗರುಗ ದುಡ್ಡು ಕೊಟ್ಟು ತರುವ ವಸ್ತುವಾಗಿರಲಿಲ್ಲ. ಕೇರಳದಲ್ಲಿ ಹೆಣ್ಣುಮಕ್ಕಳು ಮುಡಿಯುವ ದಶಪುಷ್ಪಗಳಲ್ಲಿ ಅದು ಒಂದು. ಗಣಪತಿಗೆ ಏರಿಸುವ 21 ಪತ್ರೆಗಳ ಮರಾಠಿ ಪಟ್ಟಿಯಲ್ಲಿ ಮಾಕಾ ಇದೆ, ಶ್ರಾದ್ಧಕ್ಕೂ ಬೇಕು. ಹಬ್ಬದ ಹಿಂದಿನ ದಿನ ಯಾರೋ ಹುಡುಗನನ್ನು ಬದುವಿಗೆ ಓಡಿಸಿದರೆ ಸಿಗುತ್ತಿತ್ತು. ಕೂದಲೆಣ್ಣೆ ಬಾಟಲಿಗೆ ಇಳಿದು ಲೇಬಲ್ ಹಚ್ಚಿಕೊಂಡದ್ದು 19ನೇ ಶತಮಾನದ ಕೊನೆಯ ಕಲ್ಕತ್ತೆಯಲ್ಲಿ. ಸಿ.ಕೆ. ಸೇನ್ ಅವರ ಜಬಾಕುಸುಮ್ 1878ರದ್ದು. ಕವಿರಾಜ ನಗೇಂದ್ರನಾಥ ಸೇನರ ಎಣ್ಣೆಯ ಹೆಸರು ಕೇಶರಂಜನ್. ಭಾವಪ್ರಕಾಶದಲ್ಲಿ ಇದು ಭೃಂಗರಾಜದ್ದೇ ಇನ್ನೊಂದು ಹೆಸರು. ಗಿಡದ ಹೆಸರು ಬ್ರಾಂಡ್ ಆಗುವ ಅಭ್ಯಾಸ ಅಷ್ಟು ಹಳೆಯದು.

ಹೇಮೇಂದ್ರ ಮೋಹನ ಬೋಸ್ ಎಂಬವರು ಕುಂತಲೀನ್ ಎಂಬ ಎಣ್ಣೆ ಮಾರುತ್ತಿದ್ದರು. ಜಾಹೀರಾತಿಗೆಂದು ಕಥಾಸ್ಪರ್ಧೆ ಶುರುಮಾಡಿದರು. 1896ರಲ್ಲಿ ಬಹುಮಾನ ಬಂದದ್ದು ಯಾರಿಗೆ ಗೊತ್ತೆ? ಗಿಡಗಳ ಮೇಲಿನ ಪ್ರಯೋಗಗಳಿಂದ ಮುಂದೆ ಜಗತ್ತಿಗೆಲ್ಲ ಗೊತ್ತಾದ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ. ಕಥೆಯಲ್ಲಿ ಹಡಗು ಚಂಡಮಾರುತಕ್ಕೆ ಸಿಕ್ಕಾಗ ಒಬ್ಬ ಪ್ರಯಾಣಿಕ ತನ್ನ ಬೋಳುತಲೆಗೆಂದು ತಂದಿದ್ದ ಕೂದಲೆಣ್ಣೆಯನ್ನು ಸಮುದ್ರಕ್ಕೆ ಎಸೆಯುತ್ತಾನೆ. ಬಿರುಗಾಳಿ ಅಡಗುತ್ತದೆ. ಕೂದಲೆಣ್ಣೆಯ ಬಗ್ಗೆ ಅತಿಶಯ ಹೇಳುವುದರಲ್ಲಿ ಇಂದಿನ ಟಿವಿ ಜಾಹೀರಾತಿನವರು ಇದನ್ನಿನ್ನೂ ಮೀರಿಸಿಲ್ಲ.

ಎಣ್ಣೆಯಿಂದ ಕೂದಲು ನಿಜಕ್ಕೂ ಬರುತ್ತದೆಯೇ ಎಂದು ಓದುಗರು ಕೇಳಿಯೇ ಕೇಳುತ್ತೀರಿ. 2008ರಲ್ಲಿ ಭಾರತದ ಸಂಶೋಧಕರು ಬಿಳಿ ಇಲಿಗಳ ಮೇಲೆ ಹಚ್ಚಿ ನೋಡಿದಾಗ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. ಇಲಿಯ ಬೋಳಿಸಿದ ಬೆನ್ನು ಬೇರೆ, ಐವತ್ತು ದಾಟಿದವರ ನೆತ್ತಿ ಬೇರೆ. ಹಚ್ಚಿಕೊಂಡರೆ ನಷ್ಟವೇನಿಲ್ಲ, ದಿಂಬಿನ ಕವರು ಕಪ್ಪಾಗುತ್ತದೆ ಅಷ್ಟೆ. ಕೂದಲಿನ ಮಾತು ನನಗೆ ಅಲ್ಲಿಗೆ ಮುಗಿಯಿತು. ಲಿವರ್‌ನದ್ದು ಅಷ್ಟು ಹಗುರವಾಗಿ ಬಿಡುವ ಮಾತಲ್ಲ.

1956ರಲ್ಲಿ ಮದರಾಸಿನ ರಸಾಯನಶಾಸ್ತ್ರಜ್ಞ ಟಿ.ಆರ್. ಗೋವಿಂದಾಚಾರಿ, ಅವರ ಜೊತೆಗಾರರಾದ ನಾಗರಾಜನ್ ಮತ್ತು ಪೈ ಹಳದಿ ಭೃಂಗರಾಜದಲ್ಲಿರುವ ಒಂದು ವಸ್ತುವಿನ ರಚನೆಯನ್ನು ಪ್ರಕಟಿಸಿದರು. ಹಳದಿ ಗಿಡಕ್ಕೆ ಆಗ ವೆಡೇಲಿಯ ಎಂಬ ಹೆಸರಿತ್ತು, ಹಾಗಾಗಿ ವಸ್ತುವಿಗೆ ವೆಡೆಲೊಲ್ಯಾಕ್ಟೋನ್ ಎಂದಾಯಿತು. ಅದೇ ವಸ್ತು ಬಿಳಿ ಗರುಗದಲ್ಲೂ ಸಿಕ್ಕಿತು. ಎರಡು ಬೇರೆ ಗಿಡಗಳನ್ನು ಒಂದೇ ಹೆಸರಿನಲ್ಲಿ ಕರೆದ ಹಳಬರ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ. 1986ರಲ್ಲಿ ಜರ್ಮನಿಯ ಹಿಲ್ಡೆಬರ್ಟ್ ವಾಗ್ನರ್ ಮತ್ತು ಸಂಗಡಿಗರು ಈ ಎರಡೂ ಗಿಡಗಳಲ್ಲಿ ಲಿವರ್ ಕಾಯುವ ಕೆಲಸ ಮಾಡುವುದು ಮುಖ್ಯವಾಗಿ ಈ ಬಗೆಯ ವಸ್ತುಗಳೇ ಎಂದು ತೋರಿಸಿದರು. ಅದು ಇಲಿಯ ಲಿವರ್‌ನ ಜೀವಕೋಶಗಳ ಮೇಲೆ ಪ್ರಯೋಗಶಾಲೆಯಲ್ಲಿ ಮಾಡಿದ ಪರೀಕ್ಷೆ. ಅದರಿಂದ ಗರುಗದಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ನಿಮ್ಮ ಮನೆಯ ಕಾಮಾಲೆ ಅದರಿಂದ ಹೋಗುತ್ತದೆ ಎಂಬ ಮಾತಿಗೆ ಅದು ಆಧಾರವಾಗದು.

ಆದರೂ ಕಾಮಾಲೆಗೆ ಗರುಗ ಕೊಟ್ಟು ವಾಸಿಯಾದವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಕಾಮಾಲೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಬಹಳ ಮಂದಿಗೆ ಇವು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರಗಳಲ್ಲಿ ಗರುಗ ಕುಡಿದವರು ಗರುಗದಿಂದ ವಾಸಿಯಾಯಿತು ಎನ್ನುತ್ತಾರೆ, ನೆಲನೆಲ್ಲಿ ಕುಡಿದವರು ನೆಲನೆಲ್ಲಿಯಿಂದ ಎನ್ನುತ್ತಾರೆ. ಸಾವಿರ ವರ್ಷ ಹೀಗೆ ನಡೆದರೆ ಗಿಡಕ್ಕೆ ಹೆಸರು ಬರದೆ ಇರುತ್ತದೆಯೇ?

ಇಳಿಯದೆ ಉಳಿಯುವವೂ ಇವೆ. 1955ರ ಡಿಸೆಂಬರಿನಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ದಶಕಗಳ ನಂತರ. ಈ ರೋಗ ತುಂಬು ಗರ್ಭಿಣಿಗೆ ಬಂದರೆ ನೂರರಲ್ಲಿ 20ರಿಂದ 25 ಜನರವರೆಗೂ ಸಾಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಪಟೈಟಿಸ್ ಬಿ, ಇಲಿಜ್ವರ, ಪಿತ್ತಕೋಶದ ಕಲ್ಲು, ಇವಕ್ಕೆಲ್ಲ ಕಣ್ಣು ಹಳದಿಯಾಗುವುದು ಒಂದೇ ಥರ, ಕಾರಣ ಬೇರೆ ಬೇರೆ. ನಮ್ಮ ಬಳಗದ ಒಬ್ಬರು ಮೂರು ವಾರ ಸೊಪ್ಪಿನ ರಸ ಕುಡಿದು, ಮೈ ಕೆರೆತ ತಡೆಯಲಾರದೆ ಕೊನೆಗೆ ಸ್ಕ್ಯಾನಿಂಗಿಗೆ ಹೋದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಯಾವ ಸೊಪ್ಪೂ ಅದನ್ನು ತಳ್ಳುವಂತಿರಲಿಲ್ಲ. ಕಣ್ಣು ಹಳದಿಯಾದ ದಿನವೇ ರಕ್ತಪರೀಕ್ಷೆ ಮಾಡಿಸಿ. ಗರುಗ ಕುಡಿಯುವವರೂ ಮಾಡಿಸಿ.

ಇನ್ನೊಂದು ಮಾತು, ಯಾವ ವಾಟ್ಸಾಪಿನಲ್ಲೂ ಬರದ್ದು. ಗರುಗ ಈಗ ಸೊಂಪಾಗಿ ಬೆಳೆಯುವ ಜಾಗ ಯಾವುದು ಹೇಳಿ. ಗದ್ದೆಯಲ್ಲಿ ಕಳೆನಾಶಕ ಹೊಡೆಯುತ್ತೇವೆ, ಭತ್ತದವರಿಗೆ ಗರುಗ ಕಳೆ. ಉಳಿದದ್ದು ಊರ ಮುಂದಿನ ಬಚ್ಚಲು ನೀರಿನ ಚರಂಡಿ. ಅಲ್ಲಿಂದ ಕಿತ್ತು ತಂದು, ಸರಿಯಾಗಿ ತೊಳೆಯದೆ ಹಸಿಯಾಗಿ ಅರೆದು ಲಿವರ್‌ಗೆಂದು ಕುಡಿದರೆ ಕಾಮಾಲೆ ತರುವ ಅದೇ ರೋಗಾಣು ಲೋಟದೊಳಗೆ ಇರಬಹುದು. ಚರಕನ ಕಾಲದ ಕೆಸರು ಬೇರೆ, ನಮ್ಮ ಕೆಸರು ಬೇರೆ. ಅಜ್ಜಿ ಗರುಗವನ್ನು ಹಿತ್ತಲಿನ ಬಾವಿಕಟ್ಟೆ ಪಕ್ಕ ಬೆಳೆಸಿಕೊಂಡಿದ್ದರು. ಬಾವಿ ಬತ್ತಿದ ಮೇಲೆ ಅದೂ ಹೋಯಿತು.

ಫೋಟೊ ಬಂದ ಮರುದಿನ ನಾನು ಕೆರೆ ತೂಬಿನ ಹತ್ತಿರ ಹೋಗಿ ಹುಡುಕಿದೆ. ಹೊನಗೊನ್ನೆ ಸೊಪ್ಪಿನ ನಡುವೆ ಎರಡು ಗಿಡ ಸಿಕ್ಕವು. ಕಾಂಡ ಹಿಸುಕಿದೆ. ಮನೆಗೆ ಬರುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು ಕಪ್ಪಾಗಿದ್ದವು. ಒಂದು ಗಿಡವನ್ನು ಹಿತ್ತಲಿನ ನಲ್ಲಿ ಕೆಳಗೆ ನೆಟ್ಟು, ಕೈಯ ಫೋಟೊ ತೆಗೆದು ‘ಗರುಗ ಇದು’ ಎಂದು ಗುಂಪಿಗೆ ಹಾಕಿದೆ. ಒಬ್ಬರು ಕೇಳಿದರು, ‘ಇದು ಯಾವ ಡೈ?’